ಮರಬಾಳೆಯಿಂದ ಎಪಿಡೆಂಡ್ರಮ್‌ವರೆಗೆ: ‘ಹಾರ್ಟಸ್ ಮಲಬಾರಿಕಸ್’ ಮತ್ತು ಸಸ್ಯವರ್ಗೀಕರಣದ ಜಾನಪದ ಮೂಲಗಳು

ಜೀವಿಗಳ ವರ್ಗೀಕರಣದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಸ್ವೀಡನ್ನಿನ ಕಾರ್ಲ್ ಲಿನೇಯಸ್‌ನಿಂದ (1707–1778) ಆರಂಭಿಸುತ್ತಾರೆ. ಆತನ ‘ಸ್ಪೀಸೀಸ್ ಪ್ಲಾಂಟಾರಮ್’ ಪ್ರಕಟವಾದ 1753ನೆಯ ವರ್ಷವನ್ನೇ ಸಸ್ಯನಾಮಗಳ ಅಧಿಕೃತ ಆರಂಭವೆಂದು ಸಸ್ಯವಿಜ್ಞಾನಿಗಳ ಅಂತಾರಾಷ್ಟ್ರೀಯ ನಿಯಮಾವಳಿಯೂ ಒಪ್ಪಿದೆ. ಅಲ್ಲಿಂದ ಮುಂದೆ ಪ್ರತಿ ಸಸ್ಯಕ್ಕೂ ಎರಡು ಪದಗಳ ಹೆಸರು: ಮೊದಲನೆಯದು ಜಾತಿಯನ್ನೂ ಎರಡನೆಯದು ಪ್ರಭೇದವನ್ನೂ ಸೂಚಿಸುತ್ತದೆ. ಆದರೆ ಈ ಗ್ರಂಥದಲ್ಲಿ ಪಶ್ಚಿಮ ಕರಾವಳಿಯ ಗಿಡಮರಗಳ ಹೆಸರುಗಳ ಕೆಳಗೆ ‘ರೀಡ್. ಮಲ್.’ ಎಂಬ ಸಂಕ್ಷಿಪ್ತ ಉಲ್ಲೇಖ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಭಾರತವನ್ನು ಎಂದೂ ನೋಡದ ಲಿನೇಯಸ್‌ಗೆ ಇಲ್ಲಿನ ಹಲವು ಸಸ್ಯಗಳ ಒಣಮಾದರಿಗಳೂ ದೊರೆತಿರಲಿಲ್ಲ. ಆ ಉಲ್ಲೇಖವು ತೋರುವ ಗ್ರಂಥದ ಚಿತ್ರಗಳನ್ನೂ ವಿವರಣೆಗಳನ್ನೂ ನಂಬಿಯೇ ಆತ ಅವುಗಳಿಗೆ ಹೆಸರಿಟ್ಟನು.

ಆ ಗ್ರಂಥವೇ ‘ಹಾರ್ಟಸ್ ಮಲಬಾರಿಕಸ್’. ಡಚ್ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ 1670ರಿಂದ 1677ರವರೆಗೆ ಮಲಬಾರಿನ ಆಡಳಿತ ನಡೆಸಿದ ಹೆಂಡ್ರಿಕ್ ವಾನ್ ರೀಡೆ ಕೊಚ್ಚಿಯಲ್ಲಿ ಇದನ್ನು ಸಿದ್ಧಪಡಿಸಿದನು. ಹನ್ನೆರಡು ಸಂಪುಟಗಳು 1678ರಿಂದ 1693ರ ಅವಧಿಯಲ್ಲಿ ಆಮ್‌ಸ್ಟರ್‌ಡಾಮ್‌ನಲ್ಲಿ ಲ್ಯಾಟಿನ್ ಭಾಷೆಯಲ್ಲಿ ಅಚ್ಚಾದವು. ಏಳುನೂರಕ್ಕೂ ಹೆಚ್ಚು ತಾಮ್ರಪಟದ ಚಿತ್ರಗಳು ಇದರಲ್ಲಿವೆ. ವಾನ್ ರೀಡೆ ಮೊದಲು ಆಶ್ರಯಿಸಿದ್ದು ಇಟಲಿಯ ಕಾರ್ಮೆಲೈಟ್ ಪಾದ್ರಿ ಮ್ಯಾಥ್ಯೂವನ್ನು. ಆ ಸಾಮಗ್ರಿ ಸಾಲದೆಂದು ಮನಗಂಡ ಬಳಿಕ ಆತ ಸ್ಥಳೀಯ ವೈದ್ಯರ ಕಡೆಗೆ ತಿರುಗಿದನು. ಗ್ರಂಥದ ಗುಣವನ್ನು ನಿರ್ಧರಿಸಿದ್ದು ಈ ತಿರುವೇ ಎನ್ನಬಹುದು.

ವೈದ್ಯರಲ್ಲಿ ಪ್ರಮುಖನು ಚೇರ್ತಲ ಬಳಿಯ ಕಡಕ್ಕರಪ್ಪಳ್ಳಿಯ ಕೊಲ್ಲಾಟ್ ಮನೆತನದ ಇಟ್ಟಿ ಅಚ್ಯುತನ್. ಈತ ಈಳವ ಸಮುದಾಯದವನು. ಅಂದಿನ ಮಲಬಾರಿನ ಜಾತಿಶ್ರೇಣಿಯಲ್ಲಿ ಕೆಳಗಿನ ಸ್ಥಾನವನ್ನು ಪಡೆದಿದ್ದ, ಆದರೆ ಪಾರಂಪರಿಕ ವೈದ್ಯಕ್ಕೆ ಹೆಸರಾಗಿದ್ದ ಸಮುದಾಯವದು. ಗಿಡಮರಬಳ್ಳಿಗಳ ಹೆಸರುಗಳನ್ನೂ ಗುಣಗಳನ್ನೂ ತನ್ನ ಮನೆಯ ಗ್ರಂಥದಿಂದಲೂ ಸ್ವಂತ ಅನುಭವದಿಂದಲೂ ಹೇಳಿದ್ದಾಗಿ ಈತ ಕೋಲೆಳುತ್ತು ಲಿಪಿಯಲ್ಲಿ ಬರೆದುಕೊಟ್ಟ, 1675ರ ಏಪ್ರಿಲ್ 20ರ ದಿನಾಂಕವುಳ್ಳ ಪ್ರಮಾಣಪತ್ರವು ಮೊದಲ ಸಂಪುಟದಲ್ಲಿ ಅಚ್ಚಾಗಿದೆ. ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ವೈದ್ಯರ ಪ್ರಮಾಣಪತ್ರವೂ ಜೊತೆಯಲ್ಲಿದೆ. ಇಟ್ಟಿ ಅಚ್ಯುತನ್ ಮಲೆಯಾಳದಲ್ಲಿ ಹೇಳಿದ್ದು ಮೊದಲು ಪೋರ್ಚುಗೀಸಿಗೆ, ಕೊನೆಗೆ ಲ್ಯಾಟಿನ್ನಿಗೆ ಇಳಿಯಿತು. ಆತನ ತಾಳೆಗರಿಯ ಗ್ರಂಥ ಇಂದು ಉಳಿದಿಲ್ಲ. ಭಾಷೆಯಿಂದ ಭಾಷೆಗೆ ದಾಟುವಾಗ ವಿವರಗಳು ಬದಲಾದರೂ ಹೆಸರುಗಳು ಬದಲಾಗಲಿಲ್ಲ. ವಾನ್ ರೀಡೆ ಅವುಗಳನ್ನು ಹಾಗೆಯೇ ಉಳಿಸಿಕೊಂಡನು. ಜಾನಪದ ವಿದ್ವಾಂಸರಿಗೆ ಇದು ಬಹುದೊಡ್ಡ ಲಾಭ. ಏಕೆಂದರೆ ಜನಪದರ ವರ್ಗೀಕರಣ ಅಡಗಿರುವುದು ಹೆಸರುಗಳ ರಚನೆಯಲ್ಲಿ.

ಹನ್ನೆರಡನೆಯ ಸಂಪುಟದಲ್ಲಿ ಬರುವ ಸೀತಾಳೆಗಳನ್ನು, ಅಂದರೆ ಮರದ ಮೇಲೆ ಬೆಳೆಯುವ ಆರ್ಕಿಡ್‌ಗಳನ್ನು, ಗಮನಿಸಬಹುದು. ‘ಅಂಜೆಲಿ ಮರವರ’, ‘ಬೀಟಿ ಮರಂ ಮರವರ’, ‘ಕಾಂಜಿರಂ ಮರವರ’ ಎಂಬ ಹೆಸರುಗಳು ಅಲ್ಲಿವೆ. ‘ಮರವರ’ ಎಂಬುದು ಡಚ್ಚರ ಕಿವಿಗೆ ಬಿದ್ದ ‘ಮರವಾೞ’. ಕನ್ನಡದ ‘ಮರಬಾಳೆ’ ಇದರ ನೇರ ಸೋದರಪದ. ಕೊನೆಯ ಪದ ಗುಂಪನ್ನು ಹೇಳಿದರೆ ಮೊದಲ ಪದ ಆಶ್ರಯ ನೀಡಿದ ಮರವನ್ನು ಹೇಳುತ್ತದೆ: ಹೆಬ್ಬಲಸಿನ ಮರಬಾಳೆ, ಬೀಟೆಯ ಮರಬಾಳೆ, ಕಾಸರಕದ ಮರಬಾಳೆ. ಎರಡು ಮೆಟ್ಟಿಲುಗಳ ಈ ನಾಮಕರಣ ಲಿನೇಯಸ್‌ಗಿಂತ ಬಹಳ ಹಿಂದಿನದು. ಆಶ್ರಯ ಮರದ ಗುಣ ಅದರ ಮೇಲಿನ ಬದನಿಕೆಗೆ ಇಳಿಯುತ್ತದೆಂಬ ನಂಬಿಕೆಯುಳ್ಳ ಜನಪದ ವೈದ್ಯದಲ್ಲಿ ಮರದ ಹೆಸರಿಗೆ ಪ್ರಯೋಜನವೂ ಇತ್ತು. ಆದರೆ ಒಂದೇ ಸೀತಾಳೆ ಹಲವು ಮರಗಳ ಮೇಲೆ ಬೆಳೆಯಬಲ್ಲದು. ಆದ್ದರಿಂದ ಇಂತಹ ಹೆಸರು ದೂರದ ಊರಿನವನಿಗೆ ದಾರಿ ತಪ್ಪಿಸಬಹುದು.

ಲಿನೇಯಸ್ ಇವುಗಳಲ್ಲಿ ಅಂಜೆಲಿ ಮರವರವನ್ನು ‘ಎಪಿಡೆಂಡ್ರಮ್ ರೆಟ್ಯೂಸಮ್’ ಎಂದೂ ಕಾಂಜಿರಂ ಮರವರವನ್ನು ‘ಎಪಿಡೆಂಡ್ರಮ್ ಅಲೋಯಿಫೋಲಿಯಮ್’ ಎಂದೂ ಕರೆದನು. ಎಪಿಡೆಂಡ್ರಮ್ ಎಂದರೆ ಗ್ರೀಕಿನಲ್ಲಿ ‘ಮರದ ಮೇಲಿನದು’. ಮರವಾೞವೆಂಬ ಗುಂಪೇ ಗ್ರೀಕ್ ವೇಷದಲ್ಲಿ ಬಂದಂತಿದೆ. ಬದಲಾದದ್ದು ಇನ್ನೊಂದು ಪದ: ಆಶ್ರಯ ಮರದ ಜಾಗಕ್ಕೆ ಎಲೆಯ ಆಕಾರ ಬಂದಿತು, ಒಂದರಲ್ಲಿ ಮೊಂಡು ತುದಿ, ಇನ್ನೊಂದರಲ್ಲಿ ಲೋಳೆಸರದ ಹೋಲಿಕೆ. ಗಿಡ ಎಲ್ಲಿದೆ ಎಂಬುದರ ಬದಲು ಗಿಡ ಹೇಗಿದೆ ಎಂಬುದು ಮುಖ್ಯವಾಯಿತು. ಚಿತ್ರವನ್ನಷ್ಟೇ ಮುಂದಿಟ್ಟುಕೊಂಡ ಉಪ್ಸಾಲದ ಪ್ರಾಧ್ಯಾಪಕನಿಗೆ ಬೇರೆ ದಾರಿಯೂ ಇರಲಿಲ್ಲ. ಮುಂದೆ ಹೂವಿನ ರಚನೆಯನ್ನು ಸೂಕ್ಷ್ಮವಾಗಿ ಪರಿಶೀಲಿಸಿದವರು ಈ ಗುಂಪನ್ನು ಒಡೆದರು. 1799ರಲ್ಲಿ ಕಾಂಜಿರಂ ಮರವರ ಸಿಂಬಿಡಿಯಮ್ ಜಾತಿಗೆ, 1825ರಲ್ಲಿ ಅಂಜೆಲಿ ಮರವರ ರಿಂಕೋಸ್ಟೈಲಿಸ್ ಜಾತಿಗೆ ಹೋದವು. ಮಲೆನಾಡಿನಲ್ಲಿ ‘ಸೀತಾಳೆ ದಂಡೆ’ ಎಂದು ಹೆಂಗಸರು ಮುಡಿಯುವ ಹೂವು ಈ ಎರಡನೆಯದೇ.

ಜಾತಿನಾಮಕ್ಕೆ ಗ್ರೀಕ್ ಅಥವಾ ಲ್ಯಾಟಿನ್ ಮೂಲ ಇರಲೇಬೇಕೆಂದು ಲಿನೇಯಸ್ 1751ರ ‘ಫಿಲಾಸಫಿಯಾ ಬೊಟಾನಿಕಾ’ದಲ್ಲಿ ವಿಧಿಸಿದನು. (‘ಮಾಂಗಾ’ಕ್ಕೆ ಲ್ಯಾಟಿನ್ ಬಾಲ ಅಂಟಿಸಿದ ‘ಮ್ಯಾಂಜಿಫೆರಾ’ವನ್ನು ಮಾತ್ರ ಆತ ಕೈಬಿಡಲಿಲ್ಲ.) ಹೀಗಾಗಿ ದೇಶಿ ಹೆಸರುಗಳಿಗೆ ಹೆಚ್ಚಾಗಿ ಉಳಿದದ್ದು ಎರಡನೆಯ ಸ್ಥಾನ. ಸಂಪಿಗೆಯು ‘ಮೈಕೇಲಿಯಾ ಚಂಪಕ’ವಾಯಿತು, ಮೊದಲ ಪದ ಫ್ಲಾರೆನ್ಸಿನ ಸಸ್ಯಶಾಸ್ತ್ರಜ್ಞ ಮಿಕೇಲಿಯ ಸ್ಮರಣೆ. ವಂಶವಾಹಿಗಳ ಅಧ್ಯಯನದ ಬಳಿಕ ಬಹುಪಾಲು ವಿದ್ವಾಂಸರು ಆ ಜಾತಿಯನ್ನು ಮ್ಯಾಗ್ನೋಲಿಯಾದಲ್ಲಿ ವಿಲೀನಗೊಳಿಸಿದ್ದಾರೆ. ಪ್ರಭೇದನಾಮಕ್ಕೆ ಆದ್ಯತೆಯ ನಿಯಮದ ರಕ್ಷಣೆ ಇರುವುದರಿಂದ ಮರ ಈಗ ‘ಮ್ಯಾಗ್ನೋಲಿಯಾ ಚಂಪಕ’. ಮಿಕೇಲಿ ಹೋದರೂ ಚಂಪಕ ಹೋಗಲಿಲ್ಲ.

‘ಹಾರ್ಟಸ್ ಮಲಬಾರಿಕಸ್’ನ ಇಡೀ ವಿನ್ಯಾಸವೇ ಈಳವರದೆಂಬ ಅಭಿಪ್ರಾಯವನ್ನು ಇತಿಹಾಸಕಾರ ರಿಚರ್ಡ್ ಗ್ರೋವ್ 1990ರ ದಶಕದಲ್ಲಿ ಪ್ರಬಲವಾಗಿ ಮಂಡಿಸಿದರು. ಇದನ್ನು ಪೂರ್ತಿಯಾಗಿ ಒಪ್ಪುವುದು ಕಷ್ಟ. ಮರ, ಪೊದೆ, ಬಳ್ಳಿ, ಮೂಲಿಕೆ ಎಂಬ ಸಂಪುಟಗಳ ಕ್ರಮಕ್ಕೆ ಗ್ರೀಸಿನ ಥಿಯೊಫ್ರಾಸ್ಟಸ್‌ನಲ್ಲಿಯೂ ಹೋಲಿಕೆಯಿದೆ. ಮಲಬಾರಿನ ಪಾಲನ್ನು ಸಂಪುಟಗಳ ಕ್ರಮಕ್ಕಿಂತ ‘ಮರವರ’ದಂತಹ ಹೆಸರುಗಳ ಒಳರಚನೆಯಲ್ಲಿ ಹುಡುಕುವುದೇ ಸರಿ. ಕಲ್ಲಿಕೋಟೆಯ ಸಸ್ಯಶಾಸ್ತ್ರಜ್ಞ ಕೆ.ಎಸ್. ಮಣಿಲಾಲ್ ಹಲವು ದಶಕ ಶ್ರಮಿಸಿ ಗ್ರಂಥದ ಸಸ್ಯಗಳನ್ನು ಗುರುತಿಸಿದರು. ಅವರ ಇಂಗ್ಲಿಷ್ ಅನುವಾದವನ್ನು ಕೇರಳ ವಿಶ್ವವಿದ್ಯಾಲಯ 2003ರಲ್ಲಿ ಪ್ರಕಟಿಸಿದ ಮೇಲೆ ಇಂತಹ ಶೋಧ ಸುಲಭವಾಗಿದೆ.

‘ರೀಡ್. ಮಲ್.’ ಎಂಬ ಉಲ್ಲೇಖದಲ್ಲಿ ಕೊಚ್ಚಿಯ ವೈದ್ಯರಿಗೆ ಸ್ಥಾನವಿಲ್ಲ. ರಿಂಕೋಸ್ಟೈಲಿಸ್ ಜಾತಿಯನ್ನು ಸ್ಥಾಪಿಸಿದ ಬ್ಲೂಮೆಯೇ 1856ರಲ್ಲಿ ತುರಚೆಯ ಕುಟುಂಬಕ್ಕೆ ಸೇರಿದ ಒಂದು ಜಾತಿಗೆ ‘ಅಚುಡೆಮಿಯಾ’ ಎಂದು ಇಟ್ಟಿ ಅಚ್ಯುತನ್‌ನ ಹೆಸರನ್ನಿಟ್ಟನು. ಅದು ಬಹುಕಾಲ ಪೈಲಿಯಾ ಎಂಬ ದೊಡ್ಡ ಜಾತಿಯೊಳಗೆ ಸೇರಿಹೋಗಿತ್ತು. ಬ್ಲೂಮೆ ಆ ಹೆಸರಿಟ್ಟದ್ದು ಜಾವಾ ದ್ವೀಪದ ಗಿಡಕ್ಕೆ.