ಮರಗಪ್ಪೆಯ ಬಣ್ಣ ಬದಲಾದರೆ ಗಾಬರಿ ಬೇಕೆ?

ಮುದ್ದೇನಹಳ್ಳಿ (ಚಿಕ್ಕಬಳ್ಳಾಪುರ): ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರೆಂದು ನಾಡಿಗೆಲ್ಲ ಪರಿಚಿತವಾದ ಈ ಗ್ರಾಮ ನಂದಿಬೆಟ್ಟದ ತಪ್ಪಲಿನ ಸೀಮೆಯಲ್ಲಿದೆ. ಬೆಂಗಳೂರಿನ ಹೊರವಲಯದಿಂದ ಹಿಡಿದು ಈ ತಪ್ಪಲಿನವರೆಗೂ ಮಳೆಗಾಲ ಬಂದಿತೆಂದರೆ ಬಚ್ಚಲುಮನೆಯ ಮೂಲೆ, ನೀರಿನ ತೊಟ್ಟಿಯ ಅಂಚು, ಸುಣ್ಣ ಬಳಿದ ಗೋಡೆಗಳ ಮೇಲೆ ಅಂಟಿಕೊಂಡು ಕೂರುವ ಜೀವಿಯೊಂದಿದೆ. ರಾತ್ರಿ ಕಂಡಾಗ ಕಂದು ಬಣ್ಣ, ಮೈಮೇಲೆ ಕಪ್ಪು ಮಚ್ಚೆ. ಮರುದಿನ ಬಿಸಿಲೇರಿದ ಮೇಲೆ ನೋಡಿದರೆ ಮಚ್ಚೆಗಳೂ ಮಾಸಿ, ಗೋಡೆಯಷ್ಟೇ ಬಿಳಚಿಕೊಂಡಿರುತ್ತದೆ. ಎರಡು ಬೇರೆ ಬೇರೆ ಕಪ್ಪೆಗಳೆಂದು ಮನೆಯವರು ಭಾವಿಸುವುದುಂಟು. ಅದು ಒಂದೇ ಕಪ್ಪೆ.

ಸಾಮಾನ್ಯ ಮರಗಪ್ಪೆ ಎಂದು ಕರೆಯಲಾಗುವ ಇದರ ವೈಜ್ಞಾನಿಕ ಹೆಸರು ಪಾಲಿಪೆಡೇಟಸ್ ಮ್ಯಾಕ್ಯುಲೇಟಸ್. 1830ರಲ್ಲಿ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಜಾನ್ ಎಡ್ವರ್ಡ್ ಗ್ರೇ ಇದನ್ನು ಮೊದಲು ವಿವರಿಸಿದರು. ಇಂಗ್ಲಿಷಿನಲ್ಲಿ ಇದಕ್ಕೆ 'ಚುನಾಮ್ ಕಪ್ಪೆ' ಎಂಬ ಹೆಸರೂ ಇದೆ. ಚುನಾಮ್ ಎಂದರೆ ನಮ್ಮ ಸುಣ್ಣವೇ.

ಈ ಹಳೆಯ ಪರಿಚಯ ಈಗ ಹೊಸ ಪ್ರಶ್ನೆಯೊಂದನ್ನು ತಂದಿದೆ. ಮಹಾನಗರಗಳ ಅಪಾರ್ಟ್‌ಮೆಂಟುಗಳಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮರಗಪ್ಪೆ ಸಾಕುವ ಹವ್ಯಾಸ ಕಾಲಿಟ್ಟಿದೆ. ಹಚ್ಚಹಸಿರೆಂದು ಕೊಂಡು ತಂದ ಕಪ್ಪೆ ವಾರದೊಳಗೆ ಕಾಫಿಪುಡಿಯ ಬಣ್ಣಕ್ಕೆ ತಿರುಗಿದರೆ ಸಾಕಿದವರು ಗಾಬರಿಯಾಗುವುದು ಸಹಜ. ಬಹುಪಾಲು ಸಂದರ್ಭಗಳಲ್ಲಿ ಅದು ರೋಗವಲ್ಲ. ಆದರೆ ಪ್ರತಿ ಬಾರಿಯೂ ಹಾಗೆಂದು ಸುಮ್ಮನಿರುವಂತಿಲ್ಲ. ಕಪ್ಪೆ ಯಾವ ಬಣ್ಣಕ್ಕೆ ತಿರುಗಿತು ಎಂಬುದಕ್ಕಿಂತ, ತಿರುಗಿದ ಬಣ್ಣದಿಂದ ಮರಳಿ ಬಂದಿತೇ ಎಂಬುದನ್ನು ಗಮನಿಸುವುದು ಮುಖ್ಯ.

ಮೂರು ಪದರಗಳ ಆಟ

ಹಸಿರು ಕಪ್ಪೆಯ ಮೈಯಲ್ಲಿ ಸಾಮಾನ್ಯವಾಗಿ ಹಸಿರು ವರ್ಣದ್ರವ್ಯವೇ ಇರುವುದಿಲ್ಲ ಎಂದರೆ ಓದುಗರಿಗೆ ಅಚ್ಚರಿಯಾಗಬಹುದು. ಚರ್ಮದಲ್ಲಿ ಮೂರು ಬಗೆಯ ಬಣ್ಣದ ಕೋಶಗಳು ಒಂದರ ಕೆಳಗೊಂದು ಜೋಡಿಸಿಕೊಂಡಿರುತ್ತವೆ. ಮೇಲಿನದು ಹಳದಿ ಕೋಶಗಳ ಪದರ. ನಡುವಿನ ಕೋಶಗಳಲ್ಲಿ ಬಣ್ಣವಿಲ್ಲ, ಕನ್ನಡಿಯ ಚೂರುಗಳಂತಹ ಸೂಕ್ಷ್ಮ ಹರಳುಗಳಿವೆ. ಅವು ನೀಲಿ ಬೆಳಕನ್ನು ಹಿಂದಕ್ಕೆ ಚೆಲ್ಲುತ್ತವೆ. ಆ ನೀಲಿ ಹಳದಿ ಪದರವನ್ನು ಹಾದು ಹೊರಬರುವಾಗ ನಮ್ಮ ಕಣ್ಣಿಗೆ ಹಸಿರಾಗಿ ಕಾಣುತ್ತದೆ. ತಳದಲ್ಲಿರುವುದು ಮೆಲನಿನ್ ತುಂಬಿದ ಕಪ್ಪು ಕೋಶ. ಜೇಡನ ಕಾಲುಗಳಂತೆ ಮೇಲಕ್ಕೆ ಚಾಚಿದ ಇದರ ಕವಲುಗಳಲ್ಲಿ ಮೆಲನಿನ್ ಕಣಗಳು ಹರಡಿಕೊಂಡರೆ ಹರಳುಗಳು ಮುಚ್ಚಿಹೋಗಿ ಕಪ್ಪೆ ಕಪ್ಪಾಗುತ್ತದೆ, ಕಣಗಳು ಕೋಶದ ನಡುವಿಗೆ ಮುದುಡಿಕೊಂಡರೆ ಬಿಳಚಿಕೊಳ್ಳುತ್ತದೆ.

ಈ ಕಣಗಳನ್ನು ಆಡಿಸುವುದು ಮುಖ್ಯವಾಗಿ ರಕ್ತದಲ್ಲಿ ಹರಿದುಬರುವ ಹಾರ್ಮೋನು. ಆದ್ದರಿಂದಲೇ ಗೋಸುಂಬೆಯಷ್ಟು ಚುರುಕಾಗಿ ಕಪ್ಪೆ ಬಣ್ಣ ಬದಲಿಸಲಾರದು. ಕೆಲವು ನಿಮಿಷಗಳಿಂದ ಕೆಲವು ಗಂಟೆಗಳು ಬೇಕು.

ಈ ಗುಟ್ಟು ಬಯಲಾದ ಬಗೆ ಸ್ವಾರಸ್ಯಕರ. 1916ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಬೆನೆಟ್ ಆಲೆನ್ ಹಾಗೂ ಫಿಲಿಪ್ ಸ್ಮಿತ್ ಬೇರೆ ಬೇರೆಯಾಗಿ ಗೊದಮೊಟ್ಟೆಗಳ ಪಿಟ್ಯುಟರಿ ಗ್ರಂಥಿಯನ್ನು ತೆಗೆದುಹಾಕಿದಾಗ ಅವು ಬೆಳ್ಳಿಯ ಬಣ್ಣಕ್ಕೆ ತಿರುಗಿದವು. ಕಪ್ಪಾಗಿಸುವ ಹಾರ್ಮೋನು ಎಲ್ಲಿಂದ ಬರುತ್ತದೆಂಬುದು ಹೀಗೆ ತಿಳಿಯಿತು. ಮರುವರ್ಷ ಮೆಕಾರ್ಡ್ ಮತ್ತು ಆಲೆನ್ ಎಂಬಿಬ್ಬರು ದನದ ಪೀನಿಯಲ್ ಗ್ರಂಥಿಯ ಸಾರವನ್ನು ಗೊದಮೊಟ್ಟೆಗಳಿಗೆ ನೀಡಿದಾಗ ಅವೂ ಬಿಳಚಿಕೊಂಡವು. ಈ ಸಾರದಲ್ಲಿರುವುದೇನೆಂದು ತಿಳಿಯಲು ನಾಲ್ಕು ದಶಕ ಹಿಡಿಯಿತು. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ಚರ್ಮವೈದ್ಯ ಆರನ್ ಲರ್ನರ್, ತೊನ್ನಿನಂತಹ ಚರ್ಮದ ತೊಂದರೆಗಳಿಗೆ ಪರಿಹಾರ ಹುಡುಕುತ್ತಾ, ಕಪ್ಪೆಯ ಚರ್ಮವನ್ನು ತಿಳಿಯಾಗಿಸುವ ಆ ವಸ್ತುವನ್ನು ಬೇರ್ಪಡಿಸಿ ಮೆಲಟೋನಿನ್ ಎಂದು ಹೆಸರಿಟ್ಟರು. ಇಂದು ನಿದ್ರೆಗಾಗಿ ಜನ ನುಂಗುವ ಮಾತ್ರೆಯಲ್ಲಿರುವುದು ಇದೇ. ತೊನ್ನಿಗೆ ಮದ್ದು ಮಾತ್ರ ಅದರಿಂದ ಸಿಗಲಿಲ್ಲ.

ಕೊಡಗಿನ ಕಪ್ಪೆ, ಕೆರೆಯಂಗಳದ ಕಪ್ಪೆ

ಬಣ್ಣ ಬದಲಿಸುವ ಕಪ್ಪೆಗಳನ್ನು ನೋಡಲು ಕನ್ನಡಿಗರು ದೂರ ಹೋಗಬೇಕಿಲ್ಲ. ರಾಕೋಫೋರಸ್ ಲ್ಯಾಟರಾಲಿಸ್ ಎಂಬ ಪುಟ್ಟ ಮರಗಪ್ಪೆಯನ್ನು 1883ರಲ್ಲಿ ಬೌಲೆಂಜರ್ ವಿವರಿಸಿದ ನಂತರ ಅದರ ಸುದ್ದಿಯೇ ಅಪರೂಪವಾಗಿತ್ತು. 2000ದಲ್ಲಿ ಅದು ಕೊಡಗಿನ ಕಾಫಿತೋಟದಲ್ಲಿ ಮತ್ತೆ ಕಂಡುಬಂದುದು ವರದಿಯಾಯಿತು. ನೆಮ್ಮದಿಯಾಗಿದ್ದಾಗ ಹಸಿರಾಗಿರುವ ಇದು ಯಾರಾದರೂ ಕೆಣಕಿದರೆ ಕೆಂಗಂದು ಬಣ್ಣ ತಳೆಯುತ್ತದೆ. ನೀರಿನ ಮೇಲೆ ಬಾಗಿದ ಒಂದೇ ಎಲೆಯನ್ನು ಮಡಚಿ ಗೂಡು ಮಾಡಿ ಮೊಟ್ಟೆಯಿಡುವುದು ಇದರ ಇನ್ನೊಂದು ವಿಶೇಷ.

ಬಯಲುಸೀಮೆಯವರಿಗೆ ಇನ್ನೂ ಹತ್ತಿರದ ಉದಾಹರಣೆ ಗೂಳಿಕಪ್ಪೆ. ಇದು ಮರಗಪ್ಪೆಯಲ್ಲ. ಆದರೆ ಮೊದಲ ಭಾರೀ ಮಳೆಗೆ ಹೊಂಡ ತುಂಬಿದಾಗ ಇದರ ಗಂಡುಗಳು ನಿಂಬೆಹಣ್ಣಿನ ಹಳದಿಗೆ ತಿರುಗಿ, ಗಂಟಲಿನ ಎರಡು ಬದಿಗಳಲ್ಲಿ ನೀಲಿ ಚೀಲಗಳನ್ನು ಉಬ್ಬಿಸಿ ವಟಗುಟ್ಟುತ್ತವೆ. ಹೆಣ್ಣನ್ನು ಸೆಳೆಯುವ ಕಾಲ ಮುಗಿದೊಡನೆ ಮತ್ತೆ ಹಳೆಯ ಕೆಸರು ಬಣ್ಣ. ಪ್ರತಿ ಮಳೆಗಾಲವೂ ಇದರ ಚಿತ್ರಗಳು 'ವಿಚಿತ್ರ ಕಪ್ಪೆ ಪತ್ತೆ' ಎಂಬ ತಲೆಬರಹದೊಡನೆ ಮೊಬೈಲುಗಳಲ್ಲಿ ಹರಿದಾಡುತ್ತವೆ. ಇದರಲ್ಲಿ ವಿಚಿತ್ರವೇನೂ ಇಲ್ಲ. ಕೆರೆಯಂಗಳಕ್ಕೆ ನಾವು ಹೋಗುವುದು ಕಡಿಮೆಯಾಗಿದೆ, ಅಷ್ಟೆ.

ಸುಣ್ಣದ ಗೋಡೆಯ ಮರಗಪ್ಪೆಯ ಬಿಳುಪಿಗೂ ಕಾರಣವುಂಟು. ತಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಹೊಡೆಯುತ್ತದೆ, ಗೋಡೆಯೊಡನೆ ಬೆರೆತು ಹೋಗಲೂ ನೆರವಾಗುತ್ತದೆ. ಇದೇ ಕಪ್ಪೆ ತನ್ನ ಚರ್ಮದ ಗ್ರಂಥಿಗಳಿಂದ ಜಿನುಗುವ ಜಿಡ್ಡನ್ನು ಕೈಕಾಲುಗಳಿಂದ ಮೈಗೆಲ್ಲ ಸವರಿಕೊಂಡು ನೀರು ಆವಿಯಾಗುವುದನ್ನು ತಡೆಯುತ್ತದೆಂದು 1997ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಎಣ್ಣೆಸ್ನಾನದ ಈ ಪದ್ಧತಿ ನಮ್ಮ ಬಯಲುಸೀಮೆಯ ಬೇಸಿಗೆಗೆ ಹೇಳಿಮಾಡಿಸಿದಂತಿದೆ.

ನೀಲಿ ಕಪ್ಪೆ ಎಲ್ಲಿಂದ?

ಮೇಲಿನ ಹಳದಿ ಪದರವೇ ಇಲ್ಲದಿದ್ದರೆ ಏನಾಗುತ್ತದೆ? ಹಸಿರು ಕಪ್ಪೆ ನೀಲಿಯಾಗುತ್ತದೆ. ಇದು ಹುಟ್ಟಿನಿಂದ ಬರುವ ಅಪರೂಪದ ಬದಲಾವಣೆ, ಮರಳುವಂಥದಲ್ಲ. 2024ರಲ್ಲಿ ವಾಯವ್ಯ ಆಸ್ಟ್ರೇಲಿಯಾದ ಕಿಂಬರ್ಲಿ ಪ್ರದೇಶದ ವನ್ಯಧಾಮದಲ್ಲಿ ಇಂತಹ ನೀಲಿ ಮರಗಪ್ಪೆಯೊಂದು ಕಂಡು ಜಗತ್ತಿನ ಗಮನ ಸೆಳೆಯಿತು. ಸಾಕುವವರಲ್ಲಿ ಅತ್ಯಂತ ಜನಪ್ರಿಯವಾದ ಆಸ್ಟ್ರೇಲಿಯಾದ ವೈಟ್ಸ್ ಮರಗಪ್ಪೆಯ ವೈಜ್ಞಾನಿಕ ಹೆಸರಿನಲ್ಲಿಯೂ 'ಸೆರುಲಿಯಾ', ಅಂದರೆ ನೀಲಿ, ಎಂಬ ಪದವಿದೆ. ಆದರೆ ಆ ಕಪ್ಪೆ ಹಸಿರು! 1790ರಲ್ಲಿ ಜಾನ್ ವೈಟ್ ವಿವರಿಸಿದ ಮಾದರಿಯನ್ನು ಮದ್ಯಸಾರದಲ್ಲಿಟ್ಟು ಇಂಗ್ಲೆಂಡಿಗೆ ಸಾಗಿಸಲಾಗಿತ್ತು. ಮದ್ಯಸಾರದಲ್ಲಿ ಹಳದಿ ಕರಗಿಹೋಗಿ ನೀಲಿಯಷ್ಟೇ ಉಳಿದಿತ್ತು. ಹೆಸರು ಹಾಗೆಯೇ ನಿಂತಿತು.

ಗಾಜಿನ ಪೆಟ್ಟಿಗೆಯಲ್ಲಿ

ಸಾಕಿದ ಕಪ್ಪೆ ಕಪ್ಪಾಗಲು ಮೊದಲ ಕಾರಣ ಚಳಿ. ಕಪ್ಪು ಮೈ ಶಾಖವನ್ನು ಹೆಚ್ಚು ಹೀರುತ್ತದೆ. ಉಷ್ಣವಲಯದ ಕಪ್ಪೆಗೆ ಡಿಸೆಂಬರ್, ಜನವರಿಯ ಬೆಂಗಳೂರಿನ ರಾತ್ರಿ ಸುಖಕರವಲ್ಲ. ಎರಡನೆಯದು ಹಿನ್ನೆಲೆ: ಕಡುಬಣ್ಣದ ತೆಂಗಿನ ನಾರು ಹಾಸಿದರೆ ಕಪ್ಪಾಗಿ, ತಿಳಿಬಣ್ಣದ ಕಾಗದ ಹಾಸಿದರೆ ತಿಳಿಯಾಗಿ ಕಾಣುವುದು ಸಾಮಾನ್ಯ. ಮೂರನೆಯದು ಅಂಜಿಕೆ. ಹೊಸ ಜಾಗ, ಪದೇ ಪದೇ ಕೈಯಲ್ಲಿ ಹಿಡಿಯುವ ಮಕ್ಕಳು, ಪಕ್ಕದಲ್ಲೇ ಅಬ್ಬರಿಸುವ ಟಿ.ವಿ. ಇವುಗಳಲ್ಲಿ ಯಾವುದೇ ಕಾರಣವಿದ್ದರೂ ಅದನ್ನು ಸರಿಪಡಿಸಿದರೆ ಬಣ್ಣ ಮರಳುತ್ತದೆ.

ಆಹಾರದ ಪಾತ್ರವನ್ನೂ ಮರೆಯುವಂತಿಲ್ಲ. ಹಳದಿ, ಕೆಂಪು ಬಣ್ಣಗಳಿಗೆ ಬೇಕಾದ ಕ್ಯಾರೋಟಿನಾಯ್ಡುಗಳು ಕಾಡಿನಲ್ಲಿ ಬಗೆಬಗೆಯ ಕೀಟಗಳಿಂದ ದೊರೆಯುತ್ತವೆ. ಸಾಕಿದ ಕೆಂಪುಕಣ್ಣಿನ ಮರಗಪ್ಪೆಗಳಿಗೆ ಇವುಗಳನ್ನು ಸೇರಿಸಿದ ಆಹಾರ ನೀಡಿದಾಗ ಮೈಬಣ್ಣ ಗಾಢವಾದುದಲ್ಲದೆ ಅವು ಹೆಚ್ಚು ಮರಿ ಮಾಡಿದವೆಂದು 2012ರ ಅಧ್ಯಯನವೊಂದು ತಿಳಿಸಿತು. ವರ್ಷವಿಡೀ ಒಂದೇ ಬಗೆಯ ಜಿರಲೆ, ಮಿಡತೆ ತಿಂದ ಕಪ್ಪೆ ಮಂಕಾದರೆ ಅಚ್ಚರಿಯಿಲ್ಲ.

ಎಚ್ಚರ ಬೇಕಾದುದು ಬೇರೆ ಕಡೆ. ಬೆಚ್ಚಗಿನ, ತೇವವುಳ್ಳ, ನಿಶ್ಶಬ್ದವಾದ ಜಾಗದಲ್ಲಿಟ್ಟರೂ ದಿನಗಟ್ಟಲೆ ಮಂಕಾಗಿಯೇ ಉಳಿದರೆ, ಹೊಟ್ಟೆ ಹಾಗೂ ತೊಡೆಯ ಒಳಭಾಗ ಕೆಂಪೇರಿದರೆ, ಚರ್ಮ ಎಡೆಬಿಡದೆ ಸುಲಿಯುತ್ತಿದ್ದರೆ, ಆಹಾರ ಬಿಟ್ಟು ಹಗಲಿನಲ್ಲಿ ಕಾಲು ಚಾಚಿ ನೆಲದ ಮೇಲೆ ಬಿದ್ದುಕೊಂಡಿದ್ದರೆ ತಡಮಾಡದೆ ಪಶುವೈದ್ಯರಿಗೆ ತೋರಿಸಬೇಕು. ಕೆಂಪೇರುವುದು ಬ್ಯಾಕ್ಟೀರಿಯಾ ಸೋಂಕಿನ ಲಕ್ಷಣವಿರಬಹುದು. ಚರ್ಮ ಸುಲಿಯುವುದರ ಹಿಂದೆ ಕೈಟ್ರಿಡ್ ಎಂಬ ಶಿಲೀಂಧ್ರವಿರಬಹುದು. ಚರ್ಮದ ಮೂಲಕ ಲವಣಾಂಶಗಳನ್ನು ಕಾಯ್ದುಕೊಳ್ಳುವ ಶಕ್ತಿಯನ್ನೇ ಕೆಡಿಸಿ ಕೊನೆಗೆ ಹೃದಯ ನಿಲ್ಲಿಸುವ ರೋಗವಿದು. ಕನಿಷ್ಠ 501 ಉಭಯವಾಸಿ ಪ್ರಭೇದಗಳ ಇಳಿಕೆಗೆ ಇದು ಕಾರಣವಾಗಿದ್ದು, ಅವುಗಳಲ್ಲಿ 90 ಅಳಿದುಹೋಗಿರಬಹುದೆಂದು 2019ರ ಜಾಗತಿಕ ಸಮೀಕ್ಷೆ ಲೆಕ್ಕಹಾಕಿತು. ಕಪ್ಪೆಗಳ ಅಂತಾರಾಷ್ಟ್ರೀಯ ಮಾರಾಟವೇ ಇದನ್ನು ಖಂಡದಿಂದ ಖಂಡಕ್ಕೆ ಹೊತ್ತೊಯ್ದಿದೆ. ಪಶ್ಚಿಮ ಘಟ್ಟದ ಕಪ್ಪೆಗಳಲ್ಲಿಯೂ ಇದು ದಾಖಲಾಗಿದೆ.

ಹೀಗಾಗಿ, ಬಣ್ಣಗೆಟ್ಟಿತೆಂದು ಬೇಸತ್ತು ವಿದೇಶಿ ಕಪ್ಪೆಯನ್ನು ಪಕ್ಕದ ಕೆರೆಗೆ ಬಿಡುವುದು ಕರುಣೆಯಲ್ಲ, ಅಪಾಯ. ಪೆಟ್ಟಿಗೆ ತೊಳೆದ ನೀರನ್ನೂ ಕೆರೆ, ಕಾಲುವೆ, ಹೂದೋಟಗಳಿಗೆ ಚೆಲ್ಲಬಾರದು.

ಕಾನೂನನ್ನೂ ಸಾಕುವವರು ತಿಳಿದಿರಬೇಕು. ಕೆಂಪುಕಣ್ಣಿನ ಮರಗಪ್ಪೆಗಳು 2010ರಿಂದ ಸೈಟಿಸ್ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿವೆ. 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಾಗೂ 2024ರ ನಿಯಮಗಳ ಪ್ರಕಾರ ಈ ಪಟ್ಟಿಗೆ ಸೇರಿದ ಜೀವಂತ ಪ್ರಾಣಿಗಳನ್ನು ಇಟ್ಟುಕೊಂಡವರು ಸರ್ಕಾರದ ಪರಿವೇಶ್ ತಾಣದಲ್ಲಿ ನೋಂದಾಯಿಸುವುದು ಕಡ್ಡಾಯ. ಮುದ್ದೇನಹಳ್ಳಿಗೆ ಹತ್ತಿರದಲ್ಲೇ ಇರುವ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ 2023ರ ಆಗಸ್ಟ್‌ನಲ್ಲಿ ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕನ ಪೆಟ್ಟಿಗೆಗಳಲ್ಲಿ 234 ವನ್ಯಜೀವಿಗಳು ಸಿಕ್ಕಿದ್ದವು. ಕಾಗದಪತ್ರವಿಲ್ಲದ ಅಗ್ಗದ ಕಪ್ಪೆಯನ್ನು ಕೊಳ್ಳುವ ಮುನ್ನ ಅದು ಯಾವ ದಾರಿಯಲ್ಲಿ ಬಂದಿತೆಂದು ವಿಚಾರಿಸುವುದು ಒಳಿತು.

ಇನ್ನು ಬಚ್ಚಲುಮನೆಗೆ ತಾನಾಗಿ ಬಂದ ಮರಗಪ್ಪೆಯ ವಿಷಯ. ಅದನ್ನು ಬಾಟಲಿಗೆ ಹಾಕಿಡುವ ಅಗತ್ಯವಿಲ್ಲ, ಉಪ್ಪು ಎರಚಿ ಓಡಿಸುವ ಕ್ರೌರ್ಯವಂತೂ ಬೇಡವೇ ಬೇಡ. ಅದರ ಚರ್ಮ ಉಪ್ಪನ್ನು ತಾಳಲಾರದು. ಸಾಬೂನಿನ ಅಂಶವಿಲ್ಲದ ಒದ್ದೆ ಕೈಯಲ್ಲಿ ಹಿಡಿದು ಸಂಜೆಯ ಹೊತ್ತು ಅದೇ ಹಿತ್ತಲಿನ ಗಿಡದ ಬುಡಕ್ಕೆ ಬಿಟ್ಟರೆ ಸಾಕು. ಸೊಳ್ಳೆ, ಜಿರಲೆ ಹಿಡಿಯಲು ಅದು ಮತ್ತೆ ಗೋಡೆಯೇರಿ ಬಂದರೂ ಬರಬಹುದು.