ಒಂದೇ ಕೈಲಿ ಎತ್ತುವಷ್ಟು: ಜಮಖಂಡಿ, ಮುಧೋಳ ಸೀಮೆಯ ಪ್ರಯಾಣಿಕರ ಲಗೇಜು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಿಂದ ದೂರದೂರಿಗೆ ಹೊರಟವರಿಗೆ ದಾರಿಯಲ್ಲಿ ವಾಹನ ಬದಲಿಸುವುದು ಸಾಮಾನ್ಯ. 2010-11ರಲ್ಲಿ ಮಂಜೂರಾದ 142 ಕಿ.ಮೀ. ಉದ್ದದ ಬಾಗಲಕೋಟೆ–ಕುಡಚಿ ರೈಲುಮಾರ್ಗ ಇನ್ನೂ ಪೂರ್ತಿಯಾಗಿಲ್ಲ. ದೂರದ ರೈಲಿಗೆ ಬಾಗಲಕೋಟೆಗೋ ಕುಡಚಿಗೋ, ವಿಮಾನಕ್ಕೆ ಬೆಳಗಾವಿಗೋ ಹುಬ್ಬಳ್ಳಿಗೋ ಮೊದಲು ರಸ್ತೆ ಹಿಡಿಯಬೇಕು. ಹತ್ತಿ ಇಳಿಯುವಾಗೆಲ್ಲ ಸಾಮಾನು ಎತ್ತುವವರು ನಾವೇ. ಒಂದೇ ಕೈಲಿ ಎತ್ತಿಕೊಂಡು ಬಸ್ಸಿನ ಮೆಟ್ಟಿಲು ಏರಲಾಗದ ಬ್ಯಾಗು ಈ ಸೀಮೆಗೆ ಒಗ್ಗದು.

ಬ್ಯಾಗಿನ ಆಯ್ಕೆ

ಸೂಟ್‌ಕೇಸಿಗೆ ಗಾಲಿ ಜೋಡಿಸಿದ್ದಕ್ಕೆ ಅಮೆರಿಕದ ಬರ್ನಾರ್ಡ್ ಸ್ಯಾಡೋ 1972ರಲ್ಲಿ ಪೇಟೆಂಟ್ ಪಡೆದರು. ನೆಟ್ಟಗೆ ನಿಲ್ಲಿಸಿ ಎಳೆಯುವ, ಉದ್ದ ಹಿಡಿಕೆಯ ಮಾದರಿಯನ್ನು 1987ರಲ್ಲಿ ರೂಪಿಸಿದವರು ಪೈಲಟ್ ರಾಬರ್ಟ್ ಪ್ಲಾತ್. ಗಾಲಿಗಳಿಗೆ ಬೇಕಾದ್ದು ನುಣುಪಾದ ನೆಲ. ಕಡಿಯ ರಸ್ತೆ, ಮಳೆಗಾಲದ ಎರೆಮಣ್ಣಿನಲ್ಲಿ ನಾಲ್ಕು ಪುಟ್ಟ ಗಾಲಿಗಳಿಗಿಂತ ಎರಡು ದೊಡ್ಡ ಗಾಲಿಗಳೇ ಮೇಲು. ಗಟ್ಟಿ ಕವಚದ ಸೂಟ್‌ಕೇಸು ಒಳಗಿನದನ್ನು ಕಾಯುತ್ತದೆ. ಬಟ್ಟೆಯ ಬ್ಯಾಗು ಸೀಟಿನ ಕೆಳಗಿನ ಇಕ್ಕಟ್ಟಿಗೂ ಹೊಂದಿಕೊಳ್ಳುತ್ತದೆ. ಕೊಳ್ಳುವಾಗ ಖಾಲಿ ಬ್ಯಾಗಿನ ತೂಕ ನೋಡಿ, ಜಿಪ್ಪನ್ನು ಮೂಲೆಯವರೆಗೆ ಎಳೆದು ಪರೀಕ್ಷಿಸಿ.

ತೂಕದ ಮಿತಿ

ರಾಜ್ಯ ಸಾರಿಗೆ ಬಸ್ಸಿನಲ್ಲಿ ವಯಸ್ಕರು 30 ಕೆ.ಜಿ.ಯವರೆಗೆ ಉಚಿತವಾಗಿ ಒಯ್ಯಬಹುದು. ರೈಲಿನಲ್ಲಿ ಎರಡನೇ ದರ್ಜೆಗೆ 35, ಸ್ಲೀಪರ್ ಮತ್ತು ಮೂರನೇ ಎ.ಸಿ.ಗೆ 40, ಎರಡನೇ ಎ.ಸಿ.ಗೆ 50 ಕೆ.ಜಿ. ದೇಶದೊಳಗಿನ ವಿಮಾನದಲ್ಲಿ ಸಾಮಾನ್ಯವಾಗಿ ಕೈಚೀಲಕ್ಕೆ 7, ಚೆಕ್-ಇನ್‌ಗೆ 15 ಕೆ.ಜಿ. ವಿಮಾನ ಹಿಡಿಯುವವರು ಮನೆಯಿಂದ ಹೊರಡುವಾಗಲೇ 15ರ ಲೆಕ್ಕ ಇಟ್ಟುಕೊಳ್ಳಬೇಕು.

ಬುತ್ತಿ

ಖಡಕ್ ರೊಟ್ಟಿ ಪೂರ್ತಿ ಆರಿದ ಮೇಲೆಯೇ ಕಟ್ಟಬೇಕು. ಬಿಸಿ ಉಳಿದರೆ ಹಬೆ ನೀರಾಗಿ ರೊಟ್ಟಿ ಮೆತ್ತಗಾಗುತ್ತದೆ, ಬೂಸು ಹಿಡಿಯುತ್ತದೆ. ಒಣ ಅರಿವೆಯಲ್ಲಿ ಸುತ್ತಿ, ಅಗಲ ಡಬ್ಬಿಯಲ್ಲಿಟ್ಟು ಬ್ಯಾಗಿನ ಮೇಲ್ಭಾಗದಲ್ಲಿರಿಸಿ. ಎಣಗಾಯಿ, ಮೊಸರು ಮೊದಲ ಊಟಕ್ಕೇ ಮುಗಿಯಲಿ. ಶೇಂಗಾ, ಗುರೆಳ್ಳು, ಅಗಸಿ ಚಟ್ನಿಪುಡಿಗಳು ಮುಂದಿನ ದಿನಗಳಿಗೆ.

ವಿಮಾನದಲ್ಲಿ ಖಾರದಪುಡಿ, ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ. ಉಡಿ ತುಂಬಿದ ಒಣಕೊಬ್ಬರಿ ಬಟ್ಟಲನ್ನು ಚೆಕ್-ಇನ್ ಬ್ಯಾಗಿಗೂ ಹಾಕುವಂತಿಲ್ಲ: ಎಣ್ಣೆಯಂಶದಿಂದಾಗಿ ಕೊಬ್ಬರಿ ತಾನಾಗಿಯೇ ಕಾದು ಹೊತ್ತಿಕೊಳ್ಳುವ ಅಪಾಯವಿದೆ. ಪವರ್ ಬ್ಯಾಂಕಿನದು ಖಾರದಪುಡಿಗೆ ತಿರುಗಾಮುರುಗ. ಅದು ಕೈಚೀಲದಲ್ಲೇ ಇರಬೇಕು.

ಸೀರೆ, ಬೆಲ್ಲ

ರಬಕವಿ-ಬನಹಟ್ಟಿಯ ಸೀರೆ, ಮಹಾಲಿಂಗಪುರದ ಬೆಲ್ಲ ಬಂಧುಗಳಿಗೆ ಒಯ್ಯುವ ಕಾಣಿಕೆಗಳು. ಎರಡನ್ನೂ ಒಂದೇ ಚೀಲದಲ್ಲಿಟ್ಟರೆ ಸೀರೆಗೆ ಕೇಡು. ಗಾಳಿಯ ತೇವ ಹೀರಿ ಬೆಲ್ಲ ಒಸರುತ್ತದೆ. ಬಿಗಿ ಮುಚ್ಚಳದ ಡಬ್ಬಿ ಬೇಕು. ಜರಿ ಸೀರೆಯನ್ನು ಒಗೆದ ಹತ್ತಿ ಅರಿವೆಯಲ್ಲಿ ಸುತ್ತಿ. ಅತ್ತರು, ನುಸಿಗುಳಿಗೆ ಜರಿಗೆ ತಾಕದಿರಲಿ. ಭಾರದ ವಸ್ತುಗಳು ಗಾಲಿಯ ಕಡೆಗೆ, ಸೀರೆ ಮೇಲಕ್ಕೆ.

ಶ್ರೀಶೈಲದ ಪಾದಯಾತ್ರೆ

ಯುಗಾದಿಗೆ ಮುನ್ನ ಈ ಭಾಗದ ಭಕ್ತರು ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯುತ್ತಾರೆ. ಕೊನೆಯ ಹಾದಿ ನಲ್ಲಮಲ ಕಾಡಿನದು. ತಂಡದ ಜೊತೆ ವಾಹನವಿದ್ದರೆ ಹಾಸಿಗೆ, ಬಟ್ಟೆ ಅದರಲ್ಲಿರಲಿ. ಬೆನ್ನಿನ ಮೇಲೆ ನೀರು, ಟವೆಲ್ಲು, ಔಷಧ, ಟಾರ್ಚು ಸಾಕು. ಬೆನ್ನಹೊರೆ ಮೈತೂಕದ ಹತ್ತನೇ ಒಂದು ಭಾಗ ದಾಟದಿದ್ದರೆ ಒಳಿತು. ಕಾಲಿಗೆ ರೂಢಿಯಾದ ಚಪ್ಪಲಿಯನ್ನೇ ಒಯ್ಯಿರಿ, ಹೊಸದು ಬೇಡ.

ದಾರಿಯಲ್ಲಿ, ಮನೆಯಲ್ಲಿ

ರೈಲಿನಲ್ಲಿ ಸೀಟಿನ ಕೆಳಗಿನ ಬಳೆಗೆ ಬ್ಯಾಗನ್ನು ಸರಪಳಿ ಹಾಕಿ ಕಟ್ಟಿ. 1989ರ ರೈಲ್ವೆ ಕಾಯ್ದೆಯ 100ನೇ ಕಲಮಿನ ಪ್ರಕಾರ, ನಾವೇ ಇಟ್ಟುಕೊಂಡ ಸಾಮಾನು ಕಳೆದರೆ ಸಿಬ್ಬಂದಿಯ ನಿರ್ಲಕ್ಷ್ಯ ಸಾಬೀತಾಗದ ಹೊರತು ರೈಲ್ವೆ ಹೊಣೆಯಲ್ಲ. ದೂರಿಗೆ ಸಹಾಯವಾಣಿ 139. ವಿಮಾನದಲ್ಲಿ ಬ್ಯಾಗು ಬರದಿದ್ದರೆ ನಿಲ್ದಾಣ ಬಿಡುವ ಮೊದಲೇ ಲಿಖಿತ ದೂರು ಕೊಡಿ. ಹಣ, ದಾಖಲೆ, ಔಷಧ ಸದಾ ಮೈಮೇಲಿನ ಚೀಲದಲ್ಲಿರಲಿ.

ಊರು ಮುಟ್ಟಿದ ಮೇಲೆ ಗಾಲಿಗೆ ಸುತ್ತಿದ ಕೂದಲು, ಮಣ್ಣು ತೆಗೆದು ಒರೆಸಿ. ಜಿಪ್ ಬಿಗಿಯಾದರೆ ಮೇಣದಬತ್ತಿ ತಿಕ್ಕಿ. ಬ್ಯಾಗನ್ನು ತೆರೆದಿಟ್ಟು ನೆರಳಲ್ಲಿ ಒಣಗಿಸಿ, ಒಂದರೊಳಗೊಂದು ಇಟ್ಟು ಎತ್ತಿಡಿ. ಹೋಗಿಬಂದಾಗ ಮುಟ್ಟದೇ ಉಳಿದ ಬಟ್ಟೆಬರೆಗಳನ್ನು ಅಂದೇ ಪಟ್ಟಿ ಮಾಡಿಟ್ಟುಕೊಂಡರೆ ಮುಂದಿನ ಸಲದ ಭಾರ ಅಷ್ಟರಮಟ್ಟಿಗೆ ಕಡಿಮೆ.