ಕಟ್ಟಡಗಳಲ್ಲಿ ಯಾಂತ್ರಿಕ, ವಿದ್ಯುತ್ ಹಾಗೂ ಕೊಳಾಯಿ ಸೇವೆಗಳು: ಸಾರ್ವಜನಿಕರಿಗೆ ಮಾಹಿತಿ

ಗೋಡೆ ಹಾಗೂ ಮೇಲ್ಛಾವಣಿ ಪೂರ್ಣಗೊಂಡ ಮಾತ್ರಕ್ಕೆ ಕಟ್ಟಡವು ವಾಸಯೋಗ್ಯವೆನಿಸುವುದಿಲ್ಲ. ನೀರು, ವಿದ್ಯುತ್, ಗಾಳಿ, ತ್ಯಾಜ್ಯ ಜಲದ ವಿಲೇವಾರಿ ಮುಂತಾದ ಸೌಲಭ್ಯಗಳು ಒಟ್ಟಾಗಿ ಕಟ್ಟಡ ಸೇವೆಗಳೆನಿಸುತ್ತವೆ. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ಭಾಗ 8 ಮತ್ತು ಭಾಗ 9ರಲ್ಲಿ ಇವುಗಳ ಕುರಿತು ವಿವರಗಳಿವೆ.

1. ಯಾಂತ್ರಿಕ ಸೇವೆಗಳು
ಲಿಫ್ಟ್, ನೀರೆತ್ತುವ ಪಂಪು, ಹವಾನಿಯಂತ್ರಣ ಹಾಗೂ ನೆಲಮಾಳಿಗೆಯ ಗಾಳಿ ಸಂಚಾರದ ವ್ಯವಸ್ಥೆಗಳು ಇದರಲ್ಲಿ ಸೇರುತ್ತವೆ. ರಾಜ್ಯದಲ್ಲಿ ಲಿಫ್ಟ್ ಅಳವಡಿಕೆಗೆ 2012ರ ಲಿಫ್ಟ್ ಕಾಯ್ದೆಯು ಅನ್ವಯಿಸುತ್ತದೆ. ಇದಕ್ಕಾಗಿ ವಿದ್ಯುತ್ ಪರಿವೀಕ್ಷಣಾಲಯವನ್ನು ಸಂಪರ್ಕಿಸತಕ್ಕದ್ದು.

2. ವಿದ್ಯುತ್ ಸೇವೆಗಳು
ವೈರಿಂಗ್ ಕಾಮಗಾರಿಯನ್ನು ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸತಕ್ಕದ್ದು. ಎಂ.ಸಿ.ಬಿ. ಅಧಿಕ ಹೊರೆ ಹಾಗೂ ಶಾರ್ಟ್ ಸರ್ಕ್ಯೂಟ್‌ನಿಂದ ತಂತಿಯನ್ನು ರಕ್ಷಿಸುತ್ತದೆಯೇ ಹೊರತು, ವಿದ್ಯುದಾಘಾತದಿಂದ ಮನುಷ್ಯನನ್ನು ರಕ್ಷಿಸುವುದಿಲ್ಲ. ಅದಕ್ಕಾಗಿ 30 ಮಿಲಿ ಆಂಪಿಯರ್ ಸಾಮರ್ಥ್ಯದ ಆರ್.ಸಿ.ಸಿ.ಬಿ. ಸಾಧನವನ್ನು ಅಳವಡಿಸುವುದು ಅವಶ್ಯಕ. ಸಮರ್ಪಕವಾದ ಅರ್ಥಿಂಗ್ ಇಲ್ಲದ ಗೀಸರ್ ಹಾಗೂ ಪಂಪುಗಳು ಪ್ರಾಣಾಪಾಯಕ್ಕೆ ಕಾರಣವಾಗಬಹುದು.

3. ನೀರು ಹಾಗೂ ಒಳಚರಂಡಿ
ಒಬ್ಬ ವ್ಯಕ್ತಿಗೆ ದಿನವೊಂದಕ್ಕೆ 135 ಲೀಟರ್ ನೀರು ಎಂದು ಲೆಕ್ಕ ಹಾಕಿದಲ್ಲಿ, ಐದು ಜನರ ಕುಟುಂಬಕ್ಕೆ 675 ಲೀಟರ್ ಬೇಕಾಗುತ್ತದೆ. ದಿನ ಬಿಟ್ಟು ದಿನ ನೀರು ಬರುವ ಕಡೆಗಳಲ್ಲಿ ಸಂಪು ಮತ್ತು ಮೇಲ್ತೊಟ್ಟಿ ಸೇರಿ ಕನಿಷ್ಠ 1,350 ಲೀಟರ್ ಸಂಗ್ರಹ ಸಾಮರ್ಥ್ಯವಿರುವುದು ಸೂಕ್ತ. ಸಂಪನ್ನು ಒಳಚರಂಡಿ ಚೇಂಬರಿನಿಂದ ದೂರದಲ್ಲಿ ನಿರ್ಮಿಸತಕ್ಕದ್ದು; ಸೋರಿಕೆಯುಂಟಾದಲ್ಲಿ ಕುಡಿಯುವ ನೀರು ಕಲುಷಿತಗೊಳ್ಳುತ್ತದೆ. ಶೌಚಾಲಯದ ಟ್ರ್ಯಾಪ್‌ನಲ್ಲಿ ನಿಲ್ಲುವ ನೀರು ಚರಂಡಿಯ ದುರ್ವಾಸನೆ ಹಾಗೂ ಅನಿಲವನ್ನು ತಡೆಯುತ್ತದೆ. ಗಾಳಿ ಕೊಳವೆ ಇಲ್ಲದಿದ್ದಲ್ಲಿ ಈ ನೀರು ಹೀರಿಹೋಗುವ ಸಂಭವವಿರುತ್ತದೆ.

100 ಚದರ ಮೀಟರ್ ಛಾವಣಿಯ ಮೇಲೆ 10 ಮಿ.ಮೀ. ಮಳೆಯಾದಲ್ಲಿ ಸುಮಾರು 1,000 ಲೀಟರ್ ನೀರು ಬೀಳುತ್ತದೆ. ಬೆಂಗಳೂರು ಜಲಮಂಡಳಿಯ ವ್ಯಾಪ್ತಿಯಲ್ಲಿ 2009ರ ತಿದ್ದುಪಡಿಯನ್ವಯ 30×40 ಅಡಿ ಹಾಗೂ ಮೇಲ್ಪಟ್ಟ ನಿವೇಶನಗಳ ಹೊಸ ಕಟ್ಟಡಗಳಿಗೆ ಮಳೆನೀರು ಕೊಯ್ಲು ಕಡ್ಡಾಯವಾಗಿದೆ.

4. ಕಾಮಗಾರಿಯ ಅನುಕ್ರಮ
ಛಾವಣಿಗೆ ಕಾಂಕ್ರೀಟ್ ಹಾಕುವ ಮೊದಲೇ ವಿದ್ಯುತ್ ಪೈಪು ಹಾಗೂ ಕೊಳವೆ ಹಾದುಹೋಗುವ ರಂಧ್ರಗಳನ್ನು ನಕ್ಷೆಯಂತೆ ಗುರುತಿಸತಕ್ಕದ್ದು. ತದನಂತರ ತೊಲೆ ಅಥವಾ ಕಂಬವನ್ನು ಕೊರೆಯುವುದರಿಂದ ಕಟ್ಟಡದ ಬಲ ಕುಗ್ಗುತ್ತದೆ. ಗೋಡೆಯೊಳಗಿನ ಕೊಳವೆಗಳನ್ನು ಗಾರೆ ಮಾಡುವುದಕ್ಕೆ ಮುನ್ನ ನೀರಿನ ಒತ್ತಡದಿಂದ ಪರೀಕ್ಷಿಸಿ, ಅವುಗಳ ಛಾಯಾಚಿತ್ರಗಳನ್ನು ಇರಿಸಿಕೊಂಡಲ್ಲಿ ಮುಂದಿನ ದುರಸ್ತಿ ಸುಲಭವಾಗುತ್ತದೆ.

5. ಅರ್ಜಿದಾರರ ಗಮನಕ್ಕೆ
ಪೂರ್ಣಗೊಂಡ ಅಥವಾ ಸ್ವಾಧೀನಾನುಭವ ಪ್ರಮಾಣ ಪತ್ರವನ್ನು ಹಾಜರುಪಡಿಸಿದ ನಂತರವೇ ವಿದ್ಯುತ್, ನೀರು ಹಾಗೂ ಒಳಚರಂಡಿ ಸಂಪರ್ಕ ನೀಡುವಂತೆ ಸರ್ವೋಚ್ಚ ನ್ಯಾಯಾಲಯವು ದಿನಾಂಕ 17-12-2024ರಂದು ನಿರ್ದೇಶಿಸಿದೆ. ಮಂಜೂರಾದ ನಕ್ಷೆಯನ್ನು ಮೀರಿ ನಿರ್ಮಿಸಿದವರು ಮನೆ ಪೂರ್ಣಗೊಂಡರೂ ಸಂಪರ್ಕವಿಲ್ಲದೆ ತೊಂದರೆಗೊಳಗಾಗುವ ಸಂಭವವಿದೆ. ತಮ್ಮ ನಿವೇಶನಕ್ಕೆ ಯಾವುದೇ ವಿನಾಯಿತಿ ಅನ್ವಯಿಸುವುದೇ ಎಂಬುದನ್ನು ಸಾರ್ವಜನಿಕರು ಸ್ಥಳೀಯ ಸಂಸ್ಥೆಯಿಂದ ಲಿಖಿತವಾಗಿ ಖಚಿತಪಡಿಸಿಕೊಂಡು, ಆನಂತರವೇ ಕಾಮಗಾರಿಯನ್ನು ಪ್ರಾರಂಭಿಸುವುದು ಹಿತಕರ.